ಮಲಗಿಸಿ ಎಬ್ಬಿಸುವ ಫಕ್ರುದ್ದೀನ
ಸಿಂದಗಿ ಬಸ್‌ಸ್ಟ್ಯಾಂಡಿನ ಎದುರು ಕಂಪ್ಯೂಟರ್ ಅಂಗಡಿ ಇಟ್ಟಿರುವ ಫಕ್ರುದ್ದೀನನ ಬಳಿ ಲಿನಕ್ಸ್ ಎಂಬ ಪುಕ್ಕಟೆ ಕಾರ್ಯವ್ಯವಸ್ಥೆಗೆ ಒಗ್ಗುವ, ಪರದೆಗೆ ಚಿತ್ರ ಕೊಡುವ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವುದೆಂದರೆ ಜೋಡೆತ್ತು ಕೊಂಡಷ್ಟೇ ಗಂಭೀರ ವ್ಯವಹಾರ. ಡಬ್ಬಿಯ ಮೇಲಿನ ಬೆಂಕಿ ಉಗುಳುವ ಹುಲಿಯ ಚಿತ್ರಕ್ಕೆ ಮರುಳಾದವರಿಗೆ, "ಲಿನಕ್ಸದಾಗ ಈ ಹುಲಿ ಬೆಕ್ಕಿನಂಗ ಮೂಲಿ ಹಿಡೀತೈತ್ರಿ" ಎನ್ನುತ್ತಾನೆ. ಬರೀ ಕಾರ್ಡು ಕೇಳಿದರೆ ಕೊಡುವುದೇ ಇಲ್ಲ, ಯಂತ್ರವನ್ನೇ ತರಬೇಕು. ಮದುವೆ ವಿಡಿಯೊ ಜೋಡಿಸುವ ಆಲಮೇಲದ ತರನ್ನುಮ, ಬೇರೆಲ್ಲೋ ಕೊಂಡ ಕಾರ್ಡು ಪರದೆ ಕಪ್ಪು ಮಾಡಿದ್ದರಿಂದ, ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಾಳೆ. ಅವನು ಹೊಸ ಕಾರ್ಡು ಕೂಡಿಸುತ್ತಾನೆ, ಚಿತ್ರ ಬರುತ್ತದೆ. ಅವಳು ಹೊರಡಲು ಎದ್ದರೆ, "ಕುಂದರ್ರಿ, ಇನ್ನೂ ಮಲಗಿಸಿ ಎಬ್ಬಸಬೇಕು" ಎಂದು ಯಂತ್ರವನ್ನು ಸ್ಲೀಪ್ ಎಂಬ ನಿದ್ದೆಗೆ ಹಾಕುತ್ತಾನೆ. ಓಡುವುದೇನು ದೊಡ್ಡದು, ಎಲ್ಲ ಕಾರ್ಡೂ ಓಡುತ್ತವೆ. ಲಿನಕ್ಸಿನಲ್ಲಿ ಮಲಗಿದ್ದು ಮತ್ತೆ ಎದ್ದರೆ ಮಾತ್ರ ಒಳ್ಳೆಯ ಕಾರ್ಡೆಂಬುದು ಅವನ ಶಾಸ್ತ್ರ. ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದ ಅವನ ಅಪ್ಪ, ಅಬ್ಬಾನ ಪದ್ಧತಿ ಇದು: ಎತ್ತು ಮಲಗಿ, ತಾನಾಗಿ ಎದ್ದ ಮೇಲೆಯೇ ವ್ಯಾಪಾರ ಮುಗಿದ ಗುರುತಿನ ಚಹಾ. ಯಂತ್ರ ಮಲಗಿರುವಷ್ಟು ಹೊತ್ತೂ ಫಕ್ರುದ್ದೀನ ಅದರ ಮೇಲೆ ಅಂಗೈಯಿಟ್ಟು ನಿಲ್ಲುತ್ತಾನೆ. ಕೀಲಿ ಒತ್ತಿದಾಗ ಫ್ಯಾನು ಗುಂಯ್ ಎನ್ನುತ್ತದೆ, ಪರದೆ ಬೆಳಗುತ್ತದೆ, ತರನ್ನುಮಳಿಗೆ ಹೋದ ಜೀವ ಬಂದಂತಾಗುತ್ತದೆ. ಆದರೂ ಅವನು ಚಹಾ ಹೇಳುವುದಿಲ್ಲ. ಮೂಲೆಯ ಆರಾಮ ಕುರ್ಚಿಯಲ್ಲಿ ನಿದ್ದೆಹೋದ ಅಬ್ಬಾನ ಎದೆ ಏರಿಳಿಯುವುದನ್ನೇ ನೋಡುತ್ತ ನಿಲ್ಲುತ್ತಾನೆ. ಕೊನೆಗೆ ಮುದುಕ ಕಣ್ಣು ತೆರೆದು, "ಎದ್ದೈತೇನು?" ಎನ್ನುತ್ತಾನೆ. "ಎದ್ದೈತಿ, ಅಬ್ಬಾ" ಎಂದು ಫಕ್ರುದ್ದೀನ ಉದ್ದಕ್ಕೆ ಉಸಿರು ಬಿಟ್ಟು, ಪಕ್ಕದ ಹೋಟೆಲಿನ ಕಡೆ ತಿರುಗಿ ಹೇಳುತ್ತಾನೆ: "ಮೂರು ಚಾ ಕಳಸ್ರಿ."