ಮುಚ್ಚಳದ ಮೇಲಿನ ವಿಭೂತಿ

ನಮ್ಮಣ್ಣ ಯಾರ ಮನೆಗೆ ಹೋದರೂ ಹೊಸ್ತಿಲು ದಾಟಿದ ಕೂಡಲೇ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಹಣೆಬರಹ ಓದಿಕೊಳ್ಳುತ್ತಾನೆಂದು ಗುಡಗೇರಿಯ ಮಂದಿ ನಗುತ್ತಿದ್ದರು. ಅವನು ನೋಡುತ್ತಿದ್ದುದು ಬೆಳಕನ್ನು. ಅಂಗೈಯ ಸಣ್ಣ ಗೆರೆಗಳೂ ಕಂಡರೆ ಫೋಟೋ ಚೊಕ್ಕ ಬರುತ್ತದೆ. ದೊಡ್ಡ ಗೆರೆಗಳಷ್ಟೇ ಕಂಡರೆ ಉಸಿರು ಹಿಡಿದು ತೆಗೆಯಬೇಕು. ಏನೂ ಕಾಣದಿದ್ದರೆ ಕ್ಯಾಮೆರಾ ಚೀಲದಲ್ಲೇ ಇರಲಿ. "ಬೆಳಕ ಅಳಿಯೂ ಮೀಟರು ಯಾಕ ಬೇಕು ಬೇ? ದೇವರು ಕೈಯಾಗ ಬರದು ಕಳಿಸ್ಯಾನ" ಅನ್ನುತ್ತಿದ್ದ.

ಸ್ಟೇಷನ್ ರಸ್ತೆಯಲ್ಲಿ ಅವನದೊಂದು ಸಣ್ಣ ಸ್ಟುಡಿಯೋ. ನಾನು ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು. ಅಲ್ಲಿ ಕಸ ಹೊಡೆಯುವುದು, ಗಿರಾಕಿಗಳಿಗೆ ಬಾಚಣಿಕೆ ಕೊಡುವುದು ನನ್ನ ಕೆಲಸ. ಹೊಟ್ಟೆಗೆ ಮದುವೆ ಫೋಟೋ ಇದ್ದವು. ಅಣ್ಣನ ಜೀವ ಮಾತ್ರ ಅಮಾವಾಸ್ಯೆಗೊಮ್ಮೆ ಮಠದಲ್ಲಿ ನಡೆಯುವ ಹಾಡಿನಲ್ಲಿತ್ತು. ಯರಗುಪ್ಪಿಯಿಂದ ವಯಸ್ಸಾದ ಗವಾಯಿಗಳೊಬ್ಬರು ಬಂದು ಹಾಡುತ್ತಿದ್ದರು. ಒಂದು ಸಂಜೆ ಅವರು ಕಣ್ಣು ಮುಚ್ಚಿ ಆಲಾಪ ಮಾಡುವಾಗ ಅಣ್ಣ ಫ್ಲ್ಯಾಷ್ ಹೊಡೆದ. ಗವಾಯಿಗಳು ಗಕ್ಕನೆ ನಿಂತರು.

"ತಮ್ಮಾ, ಅಗದಿ ದೂರ ಹೋಗಿದ್ನೆಪಾ. ನಿನ್ನ ಮಿಂಚು ಕುತಗಿ ಹಿಡದು ಎಳಕೊಂಡ ಬಂತು ನೋಡು."

ಮಂದಿ ನಕ್ಕರು. ಅಣ್ಣ ನಗಲಿಲ್ಲ. ಮರುದಿನ ಫ್ಲ್ಯಾಷು ಅಟ್ಟ ಸೇರಿತು.

ಆ ವರ್ಷ ಗವಾಯಿಗಳಿಗೆ ಎದೆ ಬೇನೆ ಶುರುವಾಯಿತು. ದೀಪಾವಳಿ ಅಮಾವಾಸ್ಯೆಗೆ ಹಾಡಿ, ಅಲ್ಲಿಗೆ ಸಾಕು ಮಾಡುತ್ತೇನೆ ಅಂದಿದ್ದರು. ಅವರ ಮಗಳು ಸಂತೆಯಲ್ಲಿ ಸಿಕ್ಕು, "ಅಪ್ಪ ಕುಂತದ್ದು ನಿಂತದ್ದು ಫೋಟೋ ಅದಾವಪಾ. ಹಾಡೂದು ಒಂದೂ ಇಲ್ಲ. ಆ ಮುಖಾ ಬ್ಯಾರೇನ ಇರತೈತಿ. ಅದೊಂದು ತಕ್ಕೊಡು" ಅಂದರು. ಅಣ್ಣ ಆಯಿತೆಂದು ಮಾತು ಕೊಟ್ಟ.

ಫ್ಲ್ಯಾಷಿಲ್ಲದೆ ದೀಪದ ಬೆಳಕಲ್ಲಿ ತೆಗೆಯುವ ಲೆನ್ಸು ಬೇಕೆಂದು ಹುಬ್ಬಳ್ಳಿಗೆ ಹೋದ. ಬಳೆಯ ನೆಪದಲ್ಲಿ ನಾನೂ ಬೆನ್ನು ಹತ್ತಿದೆ. ಅಂಗಡಿಯವರು ಮೊಳದುದ್ದದ ಲೆನ್ಸು ತೋರಿಸಿ, "ಇದನ್ನ ಒಯ್ರಿ. ಹಿಂದ ಕುಂತು ಗವಾಯಿ ಹಲ್ಲ ಎಣಸಬಹುದು" ಅಂದರು.

"ಅವರಿಗೆ ಹಲ್ಲ ಇಲ್ರಿ" ಅಂದ ಅಣ್ಣ. ಅವನು ಆರಿಸಿದ್ದು ಗಿಡ್ಡನೆಯ ಒಂದನ್ನು.

"ಅಣ್ಣಾ, ಉದ್ದಂದ ತಗೋ. ಇದನ್ನ ಕಂಡ್ರ ಮಂದಿ ನಕ್ಕಾರು."

"ಮೂಗು ಉದ್ದ ಇದ್ದು ಏನ್ ಮಾಡೂದೈತಿ ಬೇ ಗಿರಿಜಾ, ಬಾಯಿ ದೊಡ್ಡದಿರಬೇಕು. ಕತ್ತಲಾಗ ಬೆಳಕು ಹನಿ ಹನಿ ಬೀಳತೈತಿ. ಸಣ್ಣ ಬಾಯಿ ಗಡಗಿ ಇಟ್ರ ತುಂಬೂದು ಯಾವಾಗ?"

ಸಂಜೆ ಮನೆಯಲ್ಲಿ ಕಂದೀಲು ಹಚ್ಚಿ ನನ್ನನ್ನು ಅದರ ಬಾಜೂಕ್ಕೆ ಕೂರಿಸಿದ. "ನೀನಽ ಗವಾಯಿ ಆಗು" ಅಂದ. ನಾನು ಒಂದು ಕೈ ಮೇಲೆತ್ತಿ ಬಾಯಿ ತೆರೆದೆ. ಅವನು ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿಕೊಂಡು, "ಉಸುರು ಹಿಡಿ" ಅಂದ. ಒಂದೇ ಫೋಟೋ. ಉಳಿದ ರೀಲು ಗವಾಯಿಗಳಿಗೆ ಎಂದು ಹಾಗೇ ಇಟ್ಟ.

ಮುಂದಿನದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಮಹಾನವಮಿಯ ದಿನ ಮನೆಯ ಆಯುಧಗಳಿಗೆಲ್ಲ ಪೂಜೆ. ಕುಡುಗೋಲು, ಈಳಿಗೆಮಣೆ, ಅವ್ವನ ಹೊಲಿಗೆ ಯಂತ್ರ, ಎಲ್ಲಕ್ಕೂ ವಿಭೂತಿ ಹಚ್ಚುವವಳು ನಾನೇ. ಅಣ್ಣ ಹೂವು ತರಲು ಹೋಗಿದ್ದ. ಹೊಸ ಲೆನ್ಸಿನ ಮುಖ ಮುಚ್ಚಿಟ್ಟು ಪೂಜೆ ಮಾಡುವುದು ಸರಿಯಲ್ಲ ಅನಿಸಿತು. ಮುಚ್ಚಳ ತೆಗೆದು ಆ ಕನ್ನಡಿಯಂಥ ಗಾಜಿನ ಮೇಲೆ ಮೂರು ಬೆರಳಿಂದ ವಿಭೂತಿ ಎಳೆದೆ, ನಡುವೆ ಕುಂಕುಮವಿಟ್ಟೆ. ಚೆಂದ ಕಂಡಿತು. ಆರತಿಯಾದ ಮೇಲೆ ಒರೆಸಿದರೆ ಕುಂಕುಮದ ಜಿಡ್ಡು ಹೋಗಲಿಲ್ಲ. ಕಂದೀಲಿನ ಗಾಜನ್ನು ದಿನಾ ಒಲೆಯ ಬೂದಿಯಿಂದ ತಿಕ್ಕುವವಳು ನಾನು. ಗಾಜಿಗೆ ಬೂದಿಗಿಂತ ಬೇರೆ ಮದ್ದು ಗೊತ್ತಿರಲಿಲ್ಲ. ಅರಿವೆಗೆ ಬೂದಿ ಹಚ್ಚಿ ಗರಗರ ತಿಕ್ಕಿದೆ. ಫಳಫಳ ಹೊಳೆಯಿತು. ಮುಚ್ಚಳ ಹಾಕಿಟ್ಟೆ.

ಅಮಾವಾಸ್ಯೆಯ ಸಂಜೆ ಮಠದ ತುಂಬ ಹಣತೆಗಳು. ಗವಾಯಿಗಳು ಹಾಡಿದ ಹಾಗೆ ಯಾರೂ ಹಾಡಿರಲಾರರು. ಅಣ್ಣ ರೀಲು ಮುಗಿಸಿ, "ಬಂತು ಬೇ, ಆ ಮುಖಾ ಬಂತು" ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದ.

ರೀಲು ತೊಳೆದು ಪ್ರಿಂಟು ಹಾಕಿದಾಗ ನನ್ನ ಫೋಟೋದಲ್ಲಿ ಕೂದಲಿನ ಎಳೆ ಎಳೆ ಕಾಣುತ್ತಿತ್ತು. ಗವಾಯಿಗಳ ಫೋಟೋಗಳಲ್ಲಿ ಒಂದೊಂದು ಹಣತೆಯೂ ಬಾತುಕೊಂಡು, ಹಾಲು ಚೆಲ್ಲಿದ ಹಾಗೆ ಮುಖದ ಮೇಲೆಲ್ಲ ಬೆಳಕು ಹರಿದಿತ್ತು. ಅಣ್ಣ ಲೆನ್ಸನ್ನು ಕಿಟಕಿಗೆ ಓರೆಯಾಗಿ ಹಿಡಿದು ಬಹಳ ಹೊತ್ತು ನೋಡಿದ. ಕಸಬರಿಗೆ ಹಿಡಿದು ನಿಂತ ನನಗೂ ಕಂಡಿತು: ಗಾಜಿನ ತುಂಬ ಸುತ್ತು ಸುತ್ತಾಗಿ ಕೂದಲಿಗಿಂತ ಸಣ್ಣ ಗೀರುಗಳು. ನಮ್ಮ ಕಂದೀಲಿನ ಗಾಜಿನಲ್ಲೂ ಅಂಥವೇ ಇದ್ದವು. ಆಗಲೇ ಹೇಳಬೇಕಿತ್ತು. ಅಣ್ಣ ಬೈಯುತ್ತಿದ್ದರೆ ಹೇಳುತ್ತಿದ್ದೆನೇನೋ. ಅವನು ಯಾವತ್ತೂ ಬೈದವನಲ್ಲ.

ಮುಂದಿನ ಅಮಾವಾಸ್ಯೆಯೊಳಗೆ ಗವಾಯಿಗಳು ತೀರಿಕೊಂಡರು. ಇದ್ದ ಫೋಟೋಗಳಲ್ಲೇ ಒಂದಕ್ಕೆ ಕಟ್ಟು ಹಾಕಿಸಿ ಅಣ್ಣ ಯರಗುಪ್ಪಿಗೆ ಒಯ್ದ. ನಾನೂ ಹೋಗಿದ್ದೆ. ನೆರೆಯವರು ಕೈ ಮುಗಿದು, "ನೋಡ್ರಿ, ಮುಖದ ಸುತ್ತ ಪ್ರಭಾವಳಿ ಬಂದೈತಿ" ಅಂದರು.

"ಪ್ರಭಾವಳಿ ಅಲ್ರಿ" ಅಂದ ಅಣ್ಣ. "ನಾ ಲೆನ್ಸ ಆರಿಸೂದ್ರಾಗ ತಪ್ಪಿದ್ನಿ. ಮುಖಾ ಬರಲಿಲ್ಲ. ನಂದಽ ತಪ್ಪು ಅಕ್ಕಾರ."

ಗವಾಯಿಗಳ ಮಗಳು ಆ ಬಿಳುಪಿನ ಮೇಲೆ ಬೆರಳಾಡಿಸುತ್ತ, "ಕಣ್ಣು ಇಲ್ಲಿರಬೇಕಲ್ಲಪಾ?" ಎಂದು ಕೇಳಿದರು. ಅಣ್ಣ ಅವರ ಬೆರಳನ್ನು ಹಿಡಿದು ತುಸು ಮೇಲಕ್ಕೆ ಸರಿಸಿದ. ನಾನು ಕೈಯಲ್ಲಿ ಚಹಾದ ಬಟ್ಟಲು ಹಿಡಿದು ನಿಂತಿದ್ದೆ.

ಮರುವರ್ಷ ಮಹಾನವಮಿಗೆ ವಿಭೂತಿಯನ್ನು ನೀರಲ್ಲಿ ನೆನೆಸಿಕೊಂಡು ಕೂತಾಗ, ಅಣ್ಣ ನನ್ನತ್ತ ತಿರುಗದೆಯೇ ಹೇಳಿದ: "ಗಿರಿಜಾ, ಮುಚ್ಚಳ ತಗೀಬ್ಯಾಡ. ಮುಚ್ಚಳದ ಮ್ಯಾಲ ಹಚ್ಚು."

ಅಷ್ಟೇ. ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಯರಗುಪ್ಪಿಯಲ್ಲಿ ಅಷ್ಟು ಮಂದಿಯ ಮುಂದೆ ತಪ್ಪು ತನ್ನದೆಂದಾಗಲೂ ಗೊತ್ತಿತ್ತು. ಅವನು ಇನ್ನೇನಾದರೂ ಹೇಳಲಿ ಎಂದು ನಾನು ಕಾದೆ. ನಾನು ಹೇಳಲಿ ಎಂದು ಅವನೂ ಕಾದನೋ ಏನೋ. ಆಮೇಲೆ ಹೂವಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದ. ಮಠಕ್ಕೆ ಹಾಡು ಕೇಳಲು ಹೋಗುವುದನ್ನು ಬಿಡಲಿಲ್ಲ, ಬರಿಗೈಯಲ್ಲಿ ಹೋಗುತ್ತಿದ್ದ. ಬಾಗಿಲಲ್ಲಿ ಅಂಗೈ ನೋಡಿಕೊಂಡು, ಮಡಚಿ, ಮೂಲೆಯಲ್ಲಿ ಕೂರುತ್ತಿದ್ದ.

ಅವನು ಕಡೆಯ ಬೇನೆ ಬಿದ್ದಾಗ ಇವತ್ತು ಹೇಳಿಯೇ ಬಿಡಬೇಕೆಂದು ಗಂಡನ ಮನೆಯಿಂದ ಹೋದೆ. ಕಿಟಕಿಯ ಪಕ್ಕ ಮಲಗಿದ್ದ. ಕೈ ಮುಖದ ಹತ್ತಿರ ತಂದುಕೊಂಡು, "ಗೆರಿ ಕಾಣವಲ್ವು ಬೇ. ಹೊತ್ತ ಮುಳುಗಿತೇನು?" ಅಂದ.

ಹೊರಗೆ ನಡುಮಧ್ಯಾಹ್ನದ ಬಿಸಿಲು ಸುಡುತ್ತಿತ್ತು.

"ಹೂಂ ಅಣ್ಣಾ, ಮುಳುಗಿತು" ಅಂದೆ. ಹೇಳಬೇಕೆಂದು ಹೋದದ್ದು ಬಿಟ್ಟು ಅದನ್ನು ಹೇಳಿದೆ.

ಕಂದೀಲಿನ ಬೆಳಕಿನ ನನ್ನ ಆ ಫೋಟೋ ಈಗ ನಮ್ಮ ಮನೆಯ ಗೋಡೆಯ ಮೇಲಿದೆ. ಆ ಲೆನ್ಸಿನಲ್ಲಿ ಚೊಕ್ಕ ಬಂದದ್ದು ಅದೊಂದೇ. ಬಾಯಿ ತೆರೆದದ್ದು ನೋಡಿ, ಏನು ಹಾಡುತ್ತಿದ್ದಿ ಎಂದು ಬಂದವರು ಕೇಳುತ್ತಾರೆ. ನಾನು ಹಾಡುತ್ತಿರಲಿಲ್ಲ. ಅಣ್ಣ ಉಸಿರು ಹಿಡಿ ಅಂದಿದ್ದ, ಹಿಡಿದಿದ್ದೆ.