ಅಯ್ಯೋ ಮಾಸ್ಟರು

ಪ್ಯಾಂಟು ಹೊಲಿಸಲು ಬಂದವನಿಗೆ ಸೊಂಟದ ಅಳತೆಯ ಜೊತೆಗೆ ಒಂದು ಶಾಪವನ್ನೂ ಪುಕ್ಕಟೆಯಾಗಿ ಕೊಡುವ ದರ್ಜಿ ಊರಿಗೆಲ್ಲ ಒಬ್ಬರೇ ಇದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಏನೋ ಇದ್ದೀತು, ಜನರ ಬಾಯಲ್ಲಿ ಮಾತ್ರ ಅವರು ಅಯ್ಯೋ ಮಾಸ್ಟರು.

ಬೈಬಲ್ಲಿನಲ್ಲಿ ಕ್ಷಮೆ, ಕರುಣೆ ಎಂದೆಲ್ಲ ಬರುವ ಭಾಗಗಳ ಗೊಡವೆಗೆ ಮಾಸ್ಟರು ಹೋಗುತ್ತಿರಲಿಲ್ಲ. ಅದೆಲ್ಲ ಕೈಲಾಗದವರ ಮಾತು ಎಂದು ಒಳಗೊಳಗೇ ನಂಬಿದ್ದರು. ಪ್ರವಾದಿಗಳೆಂದರೆ ಮಾತ್ರ ಪ್ರಾಣ. ಯೆಶಾಯ, ಆಮೋಸ, ಹಬಕ್ಕೂಕ ಇವರೆಲ್ಲ ತಮ್ಮ ಖಾಸಾ ನೆಂಟರೇನೋ ಎಂಬಂತೆ ಏಕವಚನದಲ್ಲೇ ಮಾತಾಡುತ್ತಿದ್ದರು. ಹೊಲಿಗೆ ಯಂತ್ರದ ಪಕ್ಕದಲ್ಲಿ ಗ್ರಂಥ, ಅದರಲ್ಲಿ ‘ಅಯ್ಯೋ’ ಎಂದು ಶುರುವಾಗುವ ಸಾಲು ಬಂದಲ್ಲೆಲ್ಲ ಗುರುತಿಗೆ ಒಂದೊಂದು ಕೆಂಪು ಬಟ್ಟೆಯ ಚೂರು. ದುರಾಸೆಯವರಿಗೆ ಅಯ್ಯೋ, ಕುಡುಕರಿಗೆ ಅಯ್ಯೋ. ದರ್ಜಿಗಳಿಗೆ ಅಯ್ಯೋ ಎಂದು ಎಲ್ಲೂ ಇಲ್ಲದಿರುವುದನ್ನು ಮಾಸ್ಟರು ವಿಶೇಷವಾಗಿ ಗಮನಿಸಿದ್ದರು.

ಮಾಂಸದಂಗಡಿಯವನ ಹೆಂಡತಿ ಒಮ್ಮೆ ಬಟ್ಟೆ ಕೊಡಲು ಬಂದಳು. ಸ್ವಲ್ಪ ಮೈಕೈ ತುಂಬಿಕೊಂಡ ಹೆಂಗಸು.

"ಅಮ್ಮಾ, ನಿಮ್ಮ ವಿಷಯ ಆಮೋಸ ಆಗಲೇ ಬರೆದಿಟ್ಟಿದಾನೆ" ಎಂದರು ಮಾಸ್ಟರು.

"ಹೌದಾ? ಏನಂತ?" ಆಕೆಯ ಮುಖ ಅರಳಿತು.

ಸಿರಿವಂತರ ಹೆಂಡತಿಯರನ್ನು ಆಮೋಸ ಕೊಬ್ಬಿದ ಹಸುಗಳು ಎಂದು ಬೈದ ಜಾಗವನ್ನು ಮಾಸ್ಟರು ಗಟ್ಟಿಯಾಗಿ ಓದಿದರು. ಆಕೆ ಬಟ್ಟೆ ಕಿತ್ತುಕೊಂಡು ಎದುರಿನ ಅಂಗಡಿಗೆ ನಡೆದಳು.

ಎದುರಿನದು ಮಾಸ್ಟರ ತಮ್ಮನ ಅಂಗಡಿ. ಹಿಂದೆಯೇ ಅವನ ಮನೆ. ಅವನಿಗೆ ಕತ್ತರಿ ಹಿಡಿಯಲು ಕಲಿಸಿದವರು ಇವರೇ. ಅವನು ಹೊಲಿಗೆಯ ಜೊತೆಗೆ ರೆಡಿಮೇಡ್ ಬಟ್ಟೆಯನ್ನೂ ತಂದು ಸಾಲಾಗಿ ನೇತುಹಾಕಿದ. ಆದರೂ ಅಂಗಡಿ ತೆರೆಯುವ ದಿನ ರಿಬ್ಬನ್ನು ಕತ್ತರಿಸಲು ಅಣ್ಣನನ್ನೇ ಕರೆದ. ಮಾಸ್ಟರು ಹೋದರು, ನೀಟಾಗಿ ಕತ್ತರಿಸಿದರು, ನೆರೆದವರ ಕಡೆ ತಿರುಗಿ ಕೂಗಿದರು: "ಅಣ್ಣನ ಅನ್ನಕ್ಕೆ ಕಲ್ಲು ಹಾಕೋನಿಗೆ ಅಯ್ಯೋ! ಈ ಅಂಗಡಿಗೆ ಬೆಂಕಿ ಬೀಳುತ್ತೆ!"

ಆ ಸಾಲು ಯಾವ ಪ್ರವಾದಿಯ ಪುಸ್ತಕದಲ್ಲೂ ಇರಲಿಲ್ಲ. ಮಾಸ್ಟರೇ ಸ್ಥಳದಲ್ಲಿ ಹೊಲಿದದ್ದು.

ಅಂದಿನಿಂದ ಅಣ್ಣತಮ್ಮಂದಿರ ಮಾತು ನಿಂತಿತು. "ರೀ, ಇರೋನು ಒಬ್ಬ ತಮ್ಮ. ನೀವೇ ಹೋಗಿ ಮಾತಾಡ್ಸಬಾರ್ದಾ?" ಎಂದು ಹೆಂಡತಿ ಗೋಗರೆದಳು. ಅವನೇ ಬಂದು ತಪ್ಪಾಯ್ತು ಅನ್ನಲಿ ಎಂಬುದು ಮಾಸ್ಟರ ಹಟ. ಆದರೆ ಗುಂಡಿ ಹಾಕುವಾಗಲೂ ಕಾಜಾ ಹೊಲಿಯುವಾಗಲೂ ಅವರ ಕಣ್ಣು ಎದುರು ಬಾಗಿಲಲ್ಲೇ ಇರುತ್ತಿತ್ತು. ತಮ್ಮ ಬರಬೇಕೆಂದು ಅವರಿಗೆ ಜೀವ ಬಿಡುವಷ್ಟು ಆಸೆಯಿತ್ತು.

ನಿಲುವಂಗಿಯ ಅಳತೆ ಕೊಡಲು ಬಂದ ಪಾದ್ರಿ ಒಂದು ಮಾತು ಹೇಳಿ ನೋಡಿದರು. "ಮಾಸ್ಟ್ರೇ, ಮೂಲ ಭಾಷೇಲಿ ಆ ಅಯ್ಯೋ ಹೆಣದ ಮುಂದೆ ಕೂತು ಅಳೋರ ಕೂಗು. ಅಯ್ಯೋ ನನ್ನ ತಮ್ಮಾ ಅಂತ ಅಳ್ತಿದ್ರು. ಪ್ರವಾದಿ ಬದುಕಿರೋರನ್ನ ನೋಡಿ ಹಾಗೆ ಅತ್ತ. ನೀವು ಬರೀ ಬೈಗುಳ ಮಾಡ್ಕೊಂಡಿದೀರಿ."

"ಅಳೋಕೆ ಮನೇಲಿ ಹೆಂಡತಿ ಇದಾಳೆ ಅಯ್ಯನೋರೇ. ತೋಳೆತ್ತಿ" ಎಂದರು ಮಾಸ್ಟರು.

ಒಂದು ಮಧ್ಯಾಹ್ನ ಮಾಸ್ಟರು ಗುಂಡಿ ತರಲು ಪೇಟೆಗೆ ಹೋಗಿದ್ದಾಗ ತಮ್ಮನ ಅಂಗಡಿಯಲ್ಲಿ ಕರೆಂಟಿನ ತಂತಿ ಕಿಡಿ ಹಾರಿಸಿತು. ಅವರು ಬರುವಷ್ಟರಲ್ಲಿ ನೇತುಹಾಕಿದ್ದೆಲ್ಲ ಬೂದಿ. ಜನ ಬೂದಿಯ ಕಡೆ ನೋಡಿದ್ದಕ್ಕಿಂತ ಮಾಸ್ಟರ ಕಡೆ ನೋಡಿದ್ದೇ ಹೆಚ್ಚು. "ನುಡಿದದ್ದು ನಡೆದೇ ಬಿಡ್ತು ಮಾಸ್ಟ್ರೇ!" ಎಂದು ಕೈಮುಗಿದವರೂ ಉಂಟು. ಮಾಂಸದಂಗಡಿಯ ಹೆಂಗಸು ದೂರದಲ್ಲೇ ನಿಂತು, "ಆಮೋಸ ನನ್ನ ಬಗ್ಗೆ ಬರೆದಿದ್ದನ್ನ ಸ್ವಲ್ಪ ಅಳಿಸೋಕಾಗುತ್ತಾ?" ಎಂದು ಕೇಳಿದಳು. ನೋಡೋಣ ಎಂದರು ಮಾಸ್ಟರು, ಕಾಲರ್ ಸರಿಮಾಡಿಕೊಳ್ಳುತ್ತ. ಒಂದು ಗಳಿಗೆ ಅವರು ನಿಜವಾಗಿಯೂ ಬೀಗಿದರು.

ಆಗ ಹೆಂಡತಿ ಓಡಿ ಬಂದು ಹೇಳಿದಳು: "ಬಟ್ಟೆ ಎಳೆಯೋಕೆ ಹೋಗಿ ಕೈ ಸುಟ್ಕೊಂಡಿದಾನೆ ರೀ. ಎರಡೂ ಕೈ."

ಕತ್ತರಿಯ ಕಣ್ಣಿಗೆ ಬೆರಳು ಹೇಗೆ ತೂರಿಸಬೇಕೆಂದು ಅವರೇ ಹಿಡಿದು ಕಲಿಸಿದ ಕೈಗಳು ಅವು. ಮಾಸ್ಟರು ಕೊರಳಲ್ಲಿ ಅಳತೆ ಪಟ್ಟಿ ಜೋತಾಡುತ್ತಿದ್ದಂತೆಯೇ ರಸ್ತೆ ದಾಟಿದರು. ಪ್ರವಾದಿ ಏನು ನುಡಿಯುತ್ತಾರೋ ಎಂದು ಜನ ಹಿಂದೆಯೇ ಬಂದರು.

ತಮ್ಮ ತನ್ನ ಮನೆಯ ಮೆಟ್ಟಿಲ ಮೇಲೆ, ಬ್ಯಾಂಡೇಜು ಸುತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಮಾಸ್ಟರು ಆ ಕೈಗಳನ್ನು ನೋಡಿದರು. ಬಾಯಿ ತೆರೆದರು.

"ಅಯ್ಯೋ... ತಮ್ಮಾ..."

ತಮ್ಮ ತಲೆಯೆತ್ತಿದ. "ಇನ್ನೂ ಮುಗೀಲಿಲ್ವಾ ಅಣ್ಣಾ? ಇನ್ನೇನು ಸುಡಬೇಕು?"

ಅವನು ಎದ್ದು, ಮೊಣಕೈಯಿಂದ ಬಾಗಿಲು ತಳ್ಳಿ ಒಳಗೆ ಹೋದ. ಹಿಂದೆಯೇ ಬಾಗಿಲು ಮುಚ್ಚಿತು. ಹಾಗಲ್ಲ ಕಣೋ ಎಂದು ಹೇಳಲು ಮಾಸ್ಟರು ಹವಣಿಸಿದರು. ಆದರೆ ಮತ್ತೆ ಅದೊಂದೇ ಮಾತು ಹೊರಬಿತ್ತು: "ಅಯ್ಯೋ!"

"ನೋಡಿದ್ರಾ? ಈ ಸಲ ಮನೆಗೂ ಶಾಪ ಹಾಕಿಬಿಟ್ರು" ಎಂದು ಮಾಂಸದಂಗಡಿಯ ಹೆಂಗಸು ಪಕ್ಕದವಳ ಕಿವಿಯಲ್ಲಿ ಪಿಸುಗುಟ್ಟಿದಳು.