ಹಾಲು ಕರೆಯುವ ಹೊತ್ತಿನ ಕಾರು ರೇಸು

ತೊಣ್ಣೂರಿನ ಚಿಕ್ಕಬೋರಮ್ಮನಿಗೆ ಕಾರು ರೇಸಿನ ಹುಚ್ಚು ಹಿಡಿದಿದೆ ಎಂದು ಯಾರಾದರೂ ಹೇಳಿದ್ದರೆ ಊರಲ್ಲಿ ಒಬ್ಬರೂ ನಂಬುತ್ತಿರಲಿಲ್ಲ. ಗಂಡ ರಂಗಸ್ವಾಮಿಯಂತೂ ಟೀ ಅಂಗಡಿಯ ಬೆಂಚಿನ ಮೇಲೆ ಬಿದ್ದು ಬಿದ್ದು ನಗುತ್ತಿದ್ದ. ಬಸ್ಸು ಹತ್ತಿದರೆ ಪಾಂಡವಪುರ ಬರುವ ಮೊದಲೇ ವಾಂತಿ ಮಾಡಿಕೊಳ್ಳುವ ಹೆಂಗಸು ಅವಳು. ಊರಿಗೆ ಕೇಬಲ್ಲು ಬಂದ ವರ್ಷ, ತೊಂಬತ್ತಾರರಲ್ಲಿ, ಒಂದು ಭಾನುವಾರ ಸಂಜೆ ಹೋಗಿದ್ದ ಕರೆಂಟು ಬಂತು. ಜೊತೆಗೇ ಟೀವಿಯಿಂದ ಯಾವುದೋ ದೇಶದ ಕಾರುಗಳು ಅವಳ ನಡುಮನೆಗೆ ನುಗ್ಗಿದವು.

ಅವಳನ್ನು ಹಿಡಿದು ನಿಲ್ಲಿಸಿದ್ದು ಕಾರುಗಳಲ್ಲ, ರಸ್ತೆ. ಕಾರಿನ ನೆತ್ತಿಯ ಮೇಲೆ ಕ್ಯಾಮರಾ ಕೂರಿಸಿದ್ದರು. ಹೊಣಕೆರೆಯಲ್ಲಿ ಹುಟ್ಟಿದ ಬೋರಮ್ಮ ಹೋದಲ್ಲೆಲ್ಲ ಎತ್ತಿನ ಗಾಡಿಯ ಹಿಂಭಾಗದಲ್ಲಿ ಕಾಲು ಇಳಿಬಿಟ್ಟು ಕೂತವಳು. ಮುಂದೆ, ಎತ್ತು ಹೂಡುವ ಮೂಕಿಯ ಕಡೆ, ಗಂಡಸರ ಜಾಗ. ಮದುವೆಯಾಗಿ ತೊಣ್ಣೂರಿಗೆ ಬಂದದ್ದೂ ಹಾಗೆಯೇ, ತವರಿನ ಹುಣಸೆಮರಗಳು ಒಂದೊಂದಾಗಿ ಚಿಕ್ಕದಾಗುವುದನ್ನು ನೋಡುತ್ತ. ಅವಳ ಪಾಲಿಗೆ ದಾರಿಯೆಂದರೆ ಬಿಟ್ಟುಹೋಗುವಂಥದ್ದು. ಈಗ ಅದು ಎದುರಿನಿಂದ ಬಂತು. ತಿರುವು, ಮರ, ಆಕಾಶ ಎಲ್ಲವೂ ಅವಳನ್ನೇ ಕರೆದಂತೆ ಬಂದು ಮೈಯೊಳಗೆ ಇಳಿದವು. ವಾಂತಿ ಬರಲಿಲ್ಲ. ಕೆರೆಯ ಗಾಳಿ ಬಾಗಿಲಿನಿಂದ ಬೀಸುತ್ತಿತ್ತು, ಆ ಗಾಳಿ ಕಾರಿನ ವೇಗದ್ದೇ ಅನಿಸಿತು. ಅಷ್ಟು ಸುಖ ಅವಳಿಗೆ ಯಾವ ಹಬ್ಬದಲ್ಲೂ ಆಗಿರಲಿಲ್ಲ.

ರೇಸು ಬರುತ್ತಿದ್ದುದು ಸರಿಯಾಗಿ ಸಂಜೆ ಹಾಲು ಕರೆಯುವ ಹೊತ್ತಿಗೆ. ಆ ಕಡೆಯ ಹಳೇ ಮನೆಗಳಲ್ಲಿ ಬಾಗಿಲು ದಾಟಿದ ಕೂಡಲೇ ದನ ಎಮ್ಮೆ, ಆಮೇಲೆ ಮನುಷ್ಯರು. ಕಾರಿನ ಕೀರಲು ಸದ್ದಿಗೆ ಎಮ್ಮೆ ಬೆಚ್ಚಿ ಹಾಲನ್ನು ಮೇಲಕ್ಕೆ ಎಳೆದುಕೊಳ್ಳುತ್ತಿತ್ತು. ಹಾಗಾಗಿ ಬೋರಮ್ಮ ಟೀವಿಯ ಸದ್ದು ಪೂರ್ತಿ ಅಡಗಿಸಿ, ಎಮ್ಮೆಯ ಹೊಟ್ಟೆಗೆ ಹಣೆ ಆನಿಸಿ, ಓರೆಗಣ್ಣಲ್ಲಿ ನೋಡುತ್ತಿದ್ದಳು. ಅವಳ ಮೆಚ್ಚಿನ ಕೆಂಪು ಕಾರು ಹಿಂದೆ ಬಿದ್ದರೆ ಕೈ ತಾನಾಗಿ ಜೋರಾಗುತ್ತಿತ್ತು. ಪಾಪ, ಎಮ್ಮೆ ಬಾಲ ಬೀಸಿ ಕೆನ್ನೆಗೆ ಒಂದು ಬಿಡುತ್ತಿತ್ತು.

ಮಾರನೆಯ ವರ್ಷ ಕೇಬಲ್ಲಿನ ಲೋಕೇಶನಿಗೆ ಸಿನಿಮಾ ಹಾಡಿನ ಹೊಸ ಚಾನಲ್ಲು ಹಾಕಬೇಕೆನಿಸಿತು. ಅವನ ಪೆಟ್ಟಿಗೆಯಲ್ಲಿ ಜಾಗವಿಲ್ಲ, ಒಂದನ್ನು ತೆಗೆಯಬೇಕು. ಯಾವುದನ್ನು? ಜನರನ್ನು ಕೇಳಿ ಫಲವಿಲ್ಲ; ಗಂಡಸರು ಎಲ್ಲವನ್ನೂ ನೋಡುತ್ತೇವೆ ಎನ್ನುತ್ತಾರೆ, ಹೆಂಗಸರು ನಮಗೇನು ಗೊತ್ತಪ್ಪ ಎನ್ನುತ್ತಾರೆ. ಬುದ್ಧಿವಂತ ಲೋಕೇಶ ಸೈಕಲ್ಲು ತಳ್ಳಿಕೊಂಡು ಬೀದಿ ಬೀದಿ ಅಲೆದು, ಬಾಗಿಲಲ್ಲಿ ಕಿವಿಗೊಟ್ಟು, ಯಾವ ಮನೆಯಲ್ಲಿ ಯಾವ ಚಾನಲ್ಲು ಕೂಗುತ್ತಿದೆ ಎಂದು ಲೆಕ್ಕ ಹಿಡಿದ. ರೇಸಿನ ಹೊತ್ತಿಗೆ ಊರೆಲ್ಲ ಗಪ್‌ಚಿಪ್.

ಡೇರಿಯಲ್ಲಿ ಹಾಲು ಹಾಕಲು ನಿಂತವರ ಮುಂದೆ ಅವನು ಸಾರಿದ, "ಆ ಕಾರಿನ ಚಾನಲ್ಲ ತಗ್ದಾಕ್ಬುಡ್ತೀನಿ. ಊರಲ್ಲಿ ಒಂದ್ ನರಪಿಳ್ಳೆನೂ ನೋಡಾಕಿಲ್ಲ."

ನಾನು ನೋಡುತ್ತೇನೆ ಎಂಬ ಮಾತು ಬೋರಮ್ಮನ ನಾಲಿಗೆಯ ತುದಿವರೆಗೂ ಬಂತು. ಪಕ್ಕದಲ್ಲಿ ಓರಗಿತ್ತಿ ಸಿದ್ದಲಿಂಗಮ್ಮ, ಹಿಂದೆ ಎದುರುಮನೆಯ ಪಾರ್ವತಮ್ಮ. ನಗೆಪಾಟಲಾಗುವುದಕ್ಕೆ ಇಷ್ಟು ಸಾಕಲ್ಲ! ಅವರಂತೆಯೇ ಅವಳೂ ತಲೆ ತಗ್ಗಿಸಿ ಕ್ಯಾನು ಮುಂದಿಟ್ಟಳು.

ಭಾನುವಾರ ಬಂತು. ಎಮ್ಮೆಯ ಕೆಳಗೆ ಕೂತು ಕತ್ತು ಹೊರಳಿಸಿದರೆ ಟೀವಿಯಲ್ಲಿ ಯಾರೋ ಹೂವಿನ ತೋಟದಲ್ಲಿ ಕುಣಿಯುತ್ತಿದ್ದರು. ಅವಳಿಗೆ ಅಳು ಬಂತು. ಎಲ್ಲೋ ಈ ಹೊತ್ತಿನಲ್ಲೇ ಆ ರಸ್ತೆ ಓಡುತ್ತಿದೆ, ತಾನಿಲ್ಲದೆ. ಒಮ್ಮೆಲೆ ಎದ್ದಳು. ಅರ್ಧ ಕರೆದ ಎಮ್ಮೆ ಬಿಟ್ಟು ಏಳುವುದೆಂದರೆ ಆ ಊರಲ್ಲಿ ಮನೆಗೆ ಬೆಂಕಿ ಬಿದ್ದಿರಬೇಕು, ಇಲ್ಲ ಯಾರೋ ತೀರಿಕೊಂಡಿರಬೇಕು. ಬೋರಮ್ಮ ಹಾಲಿನ ಕೈಯಲ್ಲೇ ಬೀದಿಗಿಳಿದಳು. ನಕ್ಕರೆ ನಗಲಿ ಎಂದುಕೊಂಡಳು. ಲೋಕೇಶನ ಮನೆ ಹತ್ತಿರವಾದಷ್ಟೂ ಕಾಲು ಹಗುರಾಗಿ, ನೆಲ ಮುಟ್ಟದೆ ನಡೆದಂತಿತ್ತು.

ಅಲ್ಲಿ ಜಗುಲಿಯ ಮುಂದೆ ಆಗಲೇ ಸಿದ್ದಲಿಂಗಮ್ಮ ನಿಂತಿದ್ದಳು, ಅವಳ ಕೈಯೂ ಒದ್ದೆ. ಪಕ್ಕದಲ್ಲಿ ಪಾರ್ವತಮ್ಮ, ಸೆರಗಿನಲ್ಲಿ ಹಾಲು ಒರೆಸಿಕೊಳ್ಳುತ್ತಿದ್ದಳು. ಕೆಳಗೇರಿಯ ಕಡೆಯಿಂದ ಇನ್ನೂ ಯಾರ್‍ಯಾರೋ ಬರುತ್ತಿದ್ದರು.

ಲೋಕೇಶ ಗಾಬರಿಯಾಗಿ ಹೊರಬಂದ. "ಯಾಕ್ರವ್ವಾ, ಏನಾಯ್ತು?"

ಬೋರಮ್ಮನೇ ಮೊದಲು ಬಾಯಿ ಬಿಟ್ಟಳು. "ಕಾರಿನ್ ಚಾನಲ್ಲ ಆಕ್ಲಾ ಮಗ. ನಾನ್ ನೋಡ್ತೀನಿ."

"ಕಿವಿಗೊಟ್ ಕೇಳಿವ್ನಿ ದೊಡ್ಡವ್ವ, ಯಾರ್ ಮನೇಲೂ ಸದ್ದಿರ್‍ನಿಲ್ಲ."

"ಸದ್ ಮಾಡುದ್ರೆ ಎಮ್ಮೆ ಆಲ್ ಕೊಟ್ಟಾತಾ? ನಿಮ್ಮವ್ವನ್ ಕೇಳ್ಲಾ," ಎಂದು ಸಿದ್ದಲಿಂಗಮ್ಮ ಗದರಿದಳು. ಒಳಗಿನಿಂದ ಲೋಕೇಶನ ತಾಯಿ ತಲೆ ತಗ್ಗಿಸಿಕೊಂಡೇ ಬಂದು ಇವರ ಸಾಲಿನಲ್ಲಿ ನಿಂತಳು. ಅವನು ತೆಪ್ಪಗೆ ಪೆಟ್ಟಿಗೆಯ ಕಡೆ ಹೋದ.

ಬೋರಮ್ಮ ಓರಗಿತ್ತಿಯನ್ನೇ ನೋಡಿದಳು. ಇಬ್ಬರ ಮನೆಗೂ ಗೋಡೆ ಒಂದೇ. ಉಪ್ಪು, ಹೆಪ್ಪು, ಸೊಸೆಯರ ದೂರು ಎಲ್ಲ ಆ ಗೋಡೆಯ ಮೇಲೆ ಓಡಾಡಿತ್ತು, ಇದೊಂದು ಬಿಟ್ಟು. ಸಿದ್ದಲಿಂಗಮ್ಮ ಒದ್ದೆ ಕೈಯಿಂದ ಅವಳ ಮೊಣಕೈ ಹಿಡಿದು, ಹದಿನಾರರ ಹುಡುಗಿಯಂತೆ ನಾಚಿ ಪಿಸುಗುಟ್ಟಿದಳು.

"ನಿಂದ್ ಯಾವ್ ಕಾರವ್ವಾ?"